ಹತ್ತು ವರ್ಷದ ಮಗುವಿನ ಲೆಕ್ಕ: ವಿಜಯಪುರ ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೂ ಪಾಲಕರಿಗೂ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ವಿಜಯಪುರ,
ಹಾಗೂ ಜಿಲ್ಲೆಯ ಎಲ್ಲ ಪಾಲಕರಿಗೆ.

ವಿಷಯ: ಆರನೇ ತರಗತಿಯ ಪ್ರವೇಶ ಪರೀಕ್ಷೆಗಳು ಮತ್ತು ಗಣಿತದ ಬಗ್ಗೆ ನಮ್ಮಲ್ಲಿರುವ ಧೋರಣೆ.

ಮಾನ್ಯರೇ,

ನಮ್ಮ ಜಿಲ್ಲೆಯ ಮನೆಗಳಲ್ಲಿ ಮಗು ನಾಲ್ಕನೇ ತರಗತಿ ಮುಗಿಸುವ ಹೊತ್ತಿಗೆ ಒಂದು ಚರ್ಚೆ ಶುರುವಾಗುತ್ತದೆ. ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆಯ ಪರೀಕ್ಷೆಗೆ ಕೂಡಿಸುವುದೋ, ಸೈನಿಕ ಶಾಲೆಯ ಪರೀಕ್ಷೆಗೆ ಕೂಡಿಸುವುದೋ, ಹೆಣ್ಣುಮಗುವಾದರೆ ಕಿತ್ತೂರಿನ ವಸತಿ ಶಾಲೆಗೆ ಬರೆಸುವುದೋ, ಯಾವುದೂ ಕೈಗೂಡದಿದ್ದರೆ ಮೊರಾರ್ಜಿ ವಸತಿ ಶಾಲೆಯಾದರೂ ಸಿಕ್ಕೀತೋ ಎಂದು ತಂದೆ-ತಾಯಿ, ಸೋದರಮಾವ, ಊರಿನ ಮಾಸ್ತರು ಎಲ್ಲರೂ ಕೂಡಿ ಮಾತಾಡುತ್ತಾರೆ. ಆ ಮಾತಿನ ನಡುವೆ ತಪ್ಪದೆ ಬರುವ ಪ್ರಶ್ನೆ ಒಂದೇ: ‘ಹುಡುಗನ ಲೆಕ್ಕ ಹ್ಯಾಂಗೈತಿ?’ ಅದಕ್ಕೆ ಮನೆಯವರು ಕೊಡುವ ಉತ್ತರ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಅದರ ಪರಿಣಾಮ ಮಾತ್ರ ಆ ಮಗುವಿನ ಓದು ಮುಗಿಯುವತನಕ ಉಳಿಯುತ್ತದೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದ ನಾನು ಆ ಪ್ರಶ್ನೆಯ ಕುರಿತೇ ತಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಲೆಕ್ಕ ಎನ್ನುವುದು ಕೆಲವು ಮಕ್ಕಳು ಹುಟ್ಟುವಾಗಲೇ ಪಡೆದುಕೊಂಡು ಬರುವ ವಿದ್ಯೆ, ಉಳಿದವರಿಗೆ ಅದು ಹತ್ತುವುದಿಲ್ಲ ಎಂದು ನಮ್ಮ ಸಮಾಜ ಗಟ್ಟಿಯಾಗಿ ನಂಬಿದೆ. ಹತ್ತನೆಯ ವಯಸ್ಸಿನಲ್ಲಿ ನಡೆಯುವ ಪ್ರವೇಶ ಪರೀಕ್ಷೆ ಆ ನಂಬಿಕೆಗೆ ಸರ್ಕಾರದ ಮುದ್ರೆ ಒತ್ತುತ್ತಿದೆ. ಆಯ್ಕೆಯಾದ ಮಗುವಿಗೆ ತಲೆ ಇದೆ ಎಂದೂ ಆಯ್ಕೆಯಾಗದ ಮಗುವಿಗೆ ಇಲ್ಲ ಎಂದೂ ಊರು ಓದಿಕೊಳ್ಳುತ್ತದೆ. ಆಯ್ಕೆಯಾಗದವರೇ ಬಹುಪಾಲು ಇರುವುದರಿಂದ, ಒಂದು ಇಡೀ ಜಿಲ್ಲೆಯ ಮಕ್ಕಳಿಗೆ ಲೆಕ್ಕ ತಮ್ಮದಲ್ಲ ಎಂದು ಆರನೇ ತರಗತಿಗೆ ಮೊದಲೇ ಹೇಳಿದಂತಾಗುತ್ತದೆ. ಈ ಸರಪಳಿಯನ್ನು ಮುರಿಯಲು ತಮ್ಮ ಇಲಾಖೆಯಿಂದಲೂ ನಮ್ಮ ಮನೆಗಳಿಂದಲೂ ಆಗಬೇಕಾದ ಕೆಲಸ ಇದೆ ಎಂಬುದು ನನ್ನ ನಿವೇದನೆ.

ಈ ಶಾಲೆಗಳ ಬಗ್ಗೆ ನನಗೆ ಗೌರವವಿದೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ವಿಜಯಪುರದ ಸೈನಿಕ ಶಾಲೆ 1963ರಿಂದ ನಡೆಯುತ್ತಿದೆ; ಕಿತ್ತೂರಿನ ರಾಣಿ ಚೆನ್ನಮ್ಮ ಹೆಣ್ಣುಮಕ್ಕಳ ಸೈನಿಕ ವಸತಿ ಶಾಲೆ 1969ರಷ್ಟು ಹಿಂದೆಯೇ ಆರಂಭವಾಯಿತು; ಆಲಮಟ್ಟಿಯ ನವೋದಯದಲ್ಲಿ ಒಕ್ಕಲುತನದ ಮನೆಗಳ ಮಕ್ಕಳು ಓದಿ ದೊಡ್ಡ ಹುದ್ದೆಗಳಿಗೆ ಹೋಗಿದ್ದಾರೆ. 2021-22ರಿಂದ ಸೈನಿಕ ಶಾಲೆಗಳೆಲ್ಲ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದದ್ದು ಸಣ್ಣ ಸಂಗತಿಯಲ್ಲ. ಒಳ್ಳೆಯ ಶಾಲೆ ಬೇಕು ಎಂದು ಬಯಸುವ ಪಾಲಕರನ್ನು ದೂರುವುದು ಈ ಪತ್ರದ ಉದ್ದೇಶವಲ್ಲ. ಊರಿನ ಶಾಲೆಯಲ್ಲಿ ಗಣಿತಕ್ಕೆ ಶಿಕ್ಷಕರೇ ಇಲ್ಲದ ವರ್ಷಗಳನ್ನು ಕಂಡ ತಂದೆ ಬೇರೆ ದಾರಿ ಹುಡುಕುವುದು ಸಹಜ.

ಪರೀಕ್ಷೆಗಳ ಸ್ವರೂಪವನ್ನು ನೋಡಿದರೆ ಲೆಕ್ಕದ ಭಾರ ಎಷ್ಟೆಂಬುದು ತಿಳಿಯುತ್ತದೆ. ಸೈನಿಕ ಶಾಲೆಯ ಆರನೇ ತರಗತಿ ಪ್ರವೇಶ ಪರೀಕ್ಷೆ ಒಟ್ಟು 300 ಅಂಕಗಳದ್ದು. ಅದರಲ್ಲಿ ಗಣಿತದ 50 ಪ್ರಶ್ನೆಗಳಿಗೆ ತಲಾ 3ರಂತೆ 150 ಅಂಕ, ಅಂದರೆ ಸರಿಯಾಗಿ ಅರ್ಧ. ಭಾಷೆ, ಸಾಮಾನ್ಯ ಜ್ಞಾನ, ಬುದ್ಧಿಮತ್ತೆ ಮೂರೂ ಕೂಡಿ ಉಳಿದ ಅರ್ಧ. ನವೋದಯದ ಆಯ್ಕೆ ಪರೀಕ್ಷೆಯಲ್ಲಿ ಎರಡು ಗಂಟೆಗೆ 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 50, ಅಂಕಗಣಿತಕ್ಕೆ 25, ಭಾಷೆಗೆ 25. ಅಂಕಗಣಿತದ 20 ಪ್ರಶ್ನೆಗಳಿಗೆ ಅರ್ಧ ಗಂಟೆ ಎಂದರೆ ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ಒಂದು ಪ್ರಶ್ನೆಗೆ ಒಂದೂಕಾಲು ಅಂಕ. ಒಂದು ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳು. ಈ ಪರೀಕ್ಷೆಯನ್ನು ಒಂದು ಮಗು ಜೀವಮಾನದಲ್ಲಿ ಒಮ್ಮೆ ಮಾತ್ರ ಬರೆಯಬಹುದು. ಎರಡನೆಯ ಅವಕಾಶ ಇಲ್ಲವೆಂದು ನಿಯಮವೇ ಹೇಳುತ್ತದೆ. ಎಂಬತ್ತೊಂದನೆಯ ಮಗುವಿಗೂ ಎಂಬತ್ತನೆಯ ಮಗುವಿಗೂ ನಡುವೆ ಇರಬಹುದಾದದ್ದು ಒಂದು ಪ್ರಶ್ನೆಯ ಅಂತರ. ಅದನ್ನು ಪ್ರತಿಭೆಯ ಅಂತರವೆಂದು ನಾವು ಕರೆಯುತ್ತಿದ್ದೇವೆ.

ಇಂಥ ಬಿಗಿಯಾದ ಪರೀಕ್ಷೆ ಇದ್ದಲ್ಲಿ ತರಬೇತಿ ಬಂದೇ ಬರುತ್ತದೆ. ವಿಜಯಪುರ ನಗರದಲ್ಲಿಯೂ ತಾಲ್ಲೂಕು ಕೇಂದ್ರಗಳಲ್ಲಿಯೂ ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ ಎಂದು ಸಾಲಾಗಿ ಬರೆದ ಫಲಕಗಳು ಓಣಿ ಓಣಿಯಲ್ಲಿ ಇವೆ. ಹಲವು ಕಡೆ ವಸತಿಯೂ ಉಂಟು. ಒಂಬತ್ತು-ಹತ್ತು ವರ್ಷದ ಮಕ್ಕಳನ್ನು ನಸುಕಿನಲ್ಲಿ ಎಬ್ಬಿಸಿ ರಾತ್ರಿಯವರೆಗೆ ಪ್ರಶ್ನೆಪತ್ರಿಕೆ ಬಿಡಿಸಲು ಕೂಡಿಸುವ ಒಂದು ವಸತಿಯನ್ನು ನಾನೇ ಒಳಹೊಕ್ಕು ನೋಡಿದ್ದೇನೆ. ಅಲ್ಲಿ ಗೋಡೆಗೆ ಮಗ್ಗಿಯ ಪಟ್ಟಿ ಇತ್ತು, ವರ್ಗ-ಘನಗಳ ಪಟ್ಟಿ ಇತ್ತು, ಹಿಂದಿನ ವರ್ಷ ಆಯ್ಕೆಯಾದವರ ಭಾವಚಿತ್ರಗಳಿದ್ದವು. ಆಟದ ಸಾಮಾನು ಒಂದೂ ಇರಲಿಲ್ಲ. ಮಕ್ಕಳು ಒಳ್ಳೆಯವರು, ಹೇಳಿಕೊಡುವ ತರುಣರೂ ದುಡಿಯುವವರೇ. ಆದರೆ ಅಲ್ಲಿ ನಡೆಯುತ್ತಿದ್ದದ್ದು ಲೆಕ್ಕದ ಕಲಿಕೆಯಾಗಿರಲಿಲ್ಲ.

ಇನ್ನೊಂದು ಸಂಗತಿ ತಮ್ಮ ಗಮನಕ್ಕೆ ಬಂದಿರಲೇಬೇಕು. ನವೋದಯದಲ್ಲಿ ಕನಿಷ್ಠ ಶೇ. 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಆ ಮೀಸಲಾತಿ ಸಿಗಬೇಕಾದರೆ ಮಗು ಮೂರು, ನಾಲ್ಕು, ಐದನೇ ತರಗತಿಗಳನ್ನು ಗ್ರಾಮೀಣ ಶಾಲೆಯಲ್ಲಿ ಓದಿರಬೇಕು. ಹಳ್ಳಿಯ ಶಾಲೆಯಲ್ಲಿ ಉಳಿದು ಓದುವ ಮಗುವಿಗಾಗಿಯೇ ಈ ನಿಯಮ ಮಾಡಲಾಗಿದೆ. ಈಗ ಏನಾಗುತ್ತಿದೆ ಎಂದರೆ, ಮಗುವಿನ ಹೆಸರು ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುತ್ತದೆ, ಮಗು ಮಾತ್ರ ವರ್ಷಪೂರ್ತಿ ಪಟ್ಟಣದ ತರಬೇತಿ ವಸತಿಯಲ್ಲಿ ಇರುತ್ತದೆ. ಹೀಗೆ ಹಾಜರಿ ಹಾಕಿದ ಶಾಲೆಗಳ ಹೆಸರು ಹೇಳುವುದು ನನಗೆ ಬೇಕಿಲ್ಲ. ಆ ಶಾಲೆಗಳ ಮುಖ್ಯೋಪಾಧ್ಯಾಯರ ಮೇಲೆ ಊರಿನ ಹಿರಿಯರ ಒತ್ತಾಯ ಎಷ್ಟಿರುತ್ತದೆ ಎಂಬುದನ್ನು ಬಲ್ಲೆ. ಆದರೆ ಇದರಿಂದ ಅನ್ಯಾಯವಾಗುವುದು ಯಾರಿಗೆ ಎಂದು ಯೋಚಿಸಬೇಕು. ತರಬೇತಿಯ ಶುಲ್ಕ ಕಟ್ಟಲಾಗದೆ, ಅದೇ ಊರಿನ ಅದೇ ತರಗತಿಯಲ್ಲಿ ದಿನವೂ ಕುಳಿತು ಓದುವ ಕೂಲಿಕಾರರ ಮಗುವಿಗೆ ಇರಬೇಕಾದ ಸ್ಥಾನ ಅದು.

ಅಲ್ಲಿ ಕಲಿಸುವುದು ಲೆಕ್ಕವಲ್ಲ ಎಂದು ಸುಮ್ಮನೆ ಹೇಳಿ ಬಿಟ್ಟರೆ ಸಾಲದು, ತೋರಿಸಬೇಕು. ನಿವೃತ್ತಿಯ ಬಳಿಕ ನಾನು ನಮ್ಮೂರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆಗಾಗ ಗಣಿತ ಹೇಳಿಕೊಡುತ್ತೇನೆ. ಹಬ್ಬಕ್ಕೆ ಊರಿಗೆ ಬಂದಿದ್ದ ತರಬೇತಿಯ ಹುಡುಗನೊಬ್ಬ ಒಂದು ದಿನ ತರಗತಿಗೆ ಬಂದು ಕುಳಿತ. ಪ್ರವೇಶ ಪರೀಕ್ಷೆಗಳಲ್ಲಿ ಬರುವಂಥದೇ ಒಂದು ಪ್ರಶ್ನೆಯನ್ನು ಕಪ್ಪು ಹಲಗೆಯ ಮೇಲೆ ಬರೆದೆ. ಸಿಂದಗಿಗೆ 20 ನಿಮಿಷಕ್ಕೊಂದು, ಇಂಡಿಗೆ 30 ನಿಮಿಷಕ್ಕೊಂದು ಬಸ್ಸು ಬಿಡುತ್ತವೆ ಎಂದುಕೊಳ್ಳಿ; ಬೆಳಿಗ್ಗೆ 6 ಗಂಟೆಗೆ ಎರಡೂ ಒಟ್ಟಿಗೆ ಬಿಟ್ಟರೆ ಮತ್ತೆ ಒಟ್ಟಿಗೆ ಬಿಡುವುದು ಎಷ್ಟು ಗಂಟೆಗೆ? ನಾನು ಬರೆದು ಮುಗಿಸುವ ಮೊದಲೇ ಹುಡುಗ ‘ಲ.ಸಾ.ಅ. 60, ಏಳು ಗಂಟೆ’ ಎಂದ. ಲ.ಸಾ.ಅ. ಎಂದರೆ ಲಘುತ್ತಮ ಸಾಮಾನ್ಯ ಅಪವರ್ತ್ಯ, ಎರಡೂ ಸಂಖ್ಯೆಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ. ಉತ್ತರ ಸರಿಯಾಗಿತ್ತು, ನಾನು ಶಹಬ್ಬಾಸ್ ಅಂದೆ. ಆಮೇಲೆ ಕೇಳಿದೆ: ಇಂಡಿಯ ಮೊದಲ ಬಸ್ಸು ಹತ್ತು ನಿಮಿಷ ತಡವಾಗಿ 6 ಗಂಟೆ 10 ನಿಮಿಷಕ್ಕೆ ಬಿಟ್ಟಿತು, ಈಗ ಎರಡೂ ಕೂಡುವುದು ಯಾವಾಗ? ಹುಡುಗ ‘ಏಳು ಹತ್ತು’ ಎಂದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಉತ್ತರ ಹೇಳಲಿಲ್ಲ. ಪಾಟಿಯ ಮೇಲೆ ಎರಡು ಸಾಲು ಹಾಕಿ ಒಂದರಲ್ಲಿ 6-00, 6-20, 6-40 ಎಂದೂ ಇನ್ನೊಂದರಲ್ಲಿ 6-10, 6-40 ಎಂದೂ ಬರೆದು, ಆರು ನಲವತ್ತಕ್ಕೆ ಬೆರಳಿಟ್ಟು ತೋರಿಸಿದಳು. ಹಾಗಾದರೆ ಐದೇ ನಿಮಿಷ ತಡವಾದರೆ ಎಂದು ಕೇಳಿದೆ. ಆಕೆ ಬಹಳ ಹೊತ್ತು ಬರೆದಳು. ಒಂದು ಸಾಲಿನಲ್ಲಿ ಸೊನ್ನೆ, ಇಪ್ಪತ್ತು, ನಲವತ್ತು. ಇನ್ನೊಂದರಲ್ಲಿ ಐದು, ಮೂವತ್ತೈದು, ಮತ್ತೆ ಐದು, ಮೂವತ್ತೈದು. ಕೊನೆಗೆ ತಲೆ ಎತ್ತಿ, ‘ಐದು ಉಳದೇ ಬಿಡತೈತ್ರೀ ಅಕ್ಕೋರ, ಇವು ಎಂದೂ ಕೂಡೂದಿಲ್ಲ’ ಎಂದಳು.

ಗಣಿತ ಬಲ್ಲವರಿಗೆ ಈ ಮಾತಿನ ಬೆಲೆ ಗೊತ್ತು. ಇಪ್ಪತ್ತು ಮತ್ತು ಮೂವತ್ತರ ಮಹತ್ತಮ ಸಾಮಾನ್ಯ ಅಪವರ್ತನ ಹತ್ತು. ಹತ್ತರಿಂದ ಐದನ್ನು ಶೇಷವಿಲ್ಲದೆ ಭಾಗಿಸಲಾಗದ ಕಾರಣ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಹನ್ನೆರಡನೆಯ ಶತಮಾನದ ಗಣಿತಜ್ಞ ಭಾಸ್ಕರಾಚಾರ್ಯರು, ಪೂರ್ಣಸಂಖ್ಯೆಯ ಉತ್ತರ ಹುಡುಕುವ ಕುಟ್ಟಕ ಗಣಿತವನ್ನು ವಿವರಿಸುವಾಗ ಇದೇ ನಿಯಮವನ್ನು ಹೇಳಿದ್ದಾರೆ: ಭಾಜ್ಯ-ಹಾರಗಳೆರಡನ್ನೂ (ಇಲ್ಲಿ ಇಪ್ಪತ್ತು ಮತ್ತು ಮೂವತ್ತು) ಭಾಗಿಸುವ ಸಂಖ್ಯೆ ಕ್ಷೇಪವನ್ನು (ಇಲ್ಲಿ ಐದು) ಭಾಗಿಸದಿದ್ದರೆ ಆ ಪ್ರಶ್ನೆಯೇ ದೋಷಯುಕ್ತ. ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗಿ ಅದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಳು. ಒಂದೂವರೆ ನಿಮಿಷದ ಪರೀಕ್ಷೆಯಲ್ಲಿ ಆಕೆ ಮೊದಲ ಪ್ರಶ್ನೆಯನ್ನೂ ಬಿಡಿಸುತ್ತಿರಲಿಲ್ಲ. ಹುಡುಗನ ತಪ್ಪೂ ಇದರಲ್ಲಿ ಏನಿಲ್ಲ, ಲ.ಸಾ.ಅ. ಯಾಕೆ ತೆಗೆಯಬೇಕು ಎಂದು ಯೋಚಿಸಲು ಅವನಿಗೆ ಯಾರೂ ಬಿಡುವು ಕೊಟ್ಟಿರಲಿಲ್ಲ. ಒಂದು ಗಂಟೆ ಕೂಡಿಸಿಕೊಂಡು ಮಾತಾಡಿದಾಗ ಅವನೂ ಅದನ್ನು ಹಿಡಿದ, ಮರುದಿನ ತಾನೇ ಬಸ್ಸಿನ ಹೊಸ ಲೆಕ್ಕಗಳನ್ನು ಕಟ್ಟಿಕೊಂಡು ಬಂದ.

ಪರೀಕ್ಷೆಗಿಂತಲೂ ಆಳದಲ್ಲಿ ಇರುವುದು ಧೋರಣೆ. ‘ನಮ್ಮ ಹುಡುಗಿಗೆ ಲೆಕ್ಕ ಹತ್ತೂದಿಲ್ರೀ, ನನಗೂ ಹತ್ತತಿರಲಿಲ್ಲ’ ಎಂದು ಮಗುವಿನ ಎದುರಿಗೇ ಹೇಳುವ ತಾಯಂದಿರನ್ನು ನಾನು ಪಾಲಕರ ಸಭೆಗಳಲ್ಲಿ ನೋಡುತ್ತಲೇ ಬಂದೆ. ಓದಲು ಬರುವುದಿಲ್ಲ ಎಂದು ಹೇಳಿಕೊಳ್ಳಲು ನಾಚುವವರು ಲೆಕ್ಕ ಬರುವುದಿಲ್ಲ ಎಂದು ಹೇಳಿಕೊಳ್ಳಲು ನಾಚುವುದಿಲ್ಲ, ಏಕೆಂದರೆ ಅದು ತಮ್ಮ ಕೈಯಲ್ಲಿ ಇಲ್ಲದ ಸಂಗತಿ ಎಂದು ತಿಳಿದಿದ್ದಾರೆ. ಹಾಗೆ ಹೇಳಿದ ಒಬ್ಬ ತಾಯಿ ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡುವವಳು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಹದಿನೈದು ಸಾವಿರಕ್ಕೆ ಏಳು ತಿಂಗಳ ಬಡ್ಡಿ ಎಷ್ಟಾಯಿತು ಎಂದು ನಾನು ಕೇಳಿದಾಗ, ತಿಂಗಳಿಗೆ ಮುನ್ನೂರು, ಏಳು ತಿಂಗಳಿಗೆ ಎರಡು ಸಾವಿರದ ನೂರು ಎಂದು ನಿಂತಲ್ಲೇ ಹೇಳಿದಳು. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ, ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಎಂಬ ಅಳತೆ ಹಿಡಿದು, ಹಣ್ಣಾಗಿಯೇ ಮಾರುವುದು ಲಾಭವೋ ಒಣಗಿಸಿ ಮಾರುವುದು ಲಾಭವೋ ಎಂದು ಕೂಲಿ, ಸಾಗಣೆ, ಶೀತಲಗೃಹದ ಬಾಡಿಗೆ ಎಲ್ಲ ಸೇರಿಸಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಅನುಪಾತ, ಶೇಕಡಾವಾರು, ಲಾಭ-ನಷ್ಟ ಎಂಬ ಅಧ್ಯಾಯಗಳು ಅವೇ. ಇಷ್ಟು ಲೆಕ್ಕ ಮಾಡುವ ಜನ ತಮ್ಮ ಮಕ್ಕಳಿಗೆ ಲೆಕ್ಕ ವಂಶದಲ್ಲೇ ಇಲ್ಲ ಎಂದು ಹೇಳಿಕೊಡುತ್ತಿರುವುದು ನನಗೆ ಬಹಳ ನೋವಿನ ಸಂಗತಿ.

ಈ ಧೋರಣೆಗೂ ಕಲಿಕೆಗೂ ಸಂಬಂಧ ಇದೆ ಎಂಬುದನ್ನು ಶಿಕ್ಷಣ ಸಂಶೋಧಕರು ಬಹಳ ಹಿಂದೆಯೇ ಕಂಡಿದ್ದಾರೆ. ಹೆರಾಲ್ಡ್ ಸ್ಟೀವನ್‌ಸನ್ ಮತ್ತು ಜೇಮ್ಸ್ ಸ್ಟಿಗ್ಲರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1980ರ ದಶಕದಲ್ಲಿ ಅಮೆರಿಕದ ಮಿನಿಯಾಪೊಲಿಸ್, ಜಪಾನಿನ ಸೆಂಡೈ, ತೈವಾನಿನ ತೈಪೆ ನಗರಗಳ ಪ್ರಾಥಮಿಕ ಶಾಲಾ ಮಕ್ಕಳನ್ನೂ ಅವರ ತಾಯಂದಿರನ್ನೂ ಅಧ್ಯಯನ ಮಾಡಿದರು. ಗಣಿತದಲ್ಲಿ ಅಮೆರಿಕದ ಮಕ್ಕಳು ಹಿಂದೆ ಇದ್ದರು. ಅಲ್ಲಿನ ತಾಯಂದಿರು ಹುಟ್ಟಿನ ಸಾಮರ್ಥ್ಯಕ್ಕೆ ಹೆಚ್ಚು ತೂಕ ಕೊಟ್ಟರೆ, ಜಪಾನ್ ಮತ್ತು ತೈವಾನಿನ ತಾಯಂದಿರು ಶ್ರಮಕ್ಕೆ ಹೆಚ್ಚು ತೂಕ ಕೊಟ್ಟರು. ಧೋರಣೆಯೊಂದೇ ಕಾರಣ ಎಂದು ನಾನು ಹೇಳಲಾರೆ, ಅಲ್ಲಿ ಶಾಲೆಯ ದಿನಗಳೂ ಪಾಠದ ರೀತಿಯೂ ಬೇರೆ ಇದ್ದವು. ಆದರೆ ಶ್ರಮದಿಂದ ಬರುವ ವಿದ್ಯೆ ಎಂದು ನಂಬಿದ ಮನೆಯಲ್ಲಿ ಮಗು ತಪ್ಪು ಮಾಡಿದಾಗ ‘ಮತ್ತೊಮ್ಮೆ ನೋಡು’ ಎನ್ನುತ್ತಾರೆ. ಹುಟ್ಟಿನಿಂದ ಬರುವ ವಿದ್ಯೆ ಎಂದು ನಂಬಿದ ಮನೆಯಲ್ಲಿ ‘ಹೋಗಲಿ ಬಿಡು’ ಎನ್ನುತ್ತಾರೆ. ಎರಡನೆಯ ಮಾತನ್ನು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ ನಾವು ಬಹಳ ಬೇಗ ಹೇಳುತ್ತೇವೆ.

ಶಾಲೆಗಳೂ ಈ ನಂಬಿಕೆಗೆ ನೀರೆರೆಯುತ್ತವೆ. ಪ್ರತಿವರ್ಷ ಡಿಸೆಂಬರ್ 22ರಂದು ಗಣಿತ ದಿನಾಚರಣೆ ಮಾಡಿ, ಶ್ರೀನಿವಾಸ ರಾಮಾನುಜನ್ನರು ದೈವದತ್ತ ಪ್ರತಿಭೆ ಎಂದು ಭಾಷಣ ಮಾಡಿಸುತ್ತೇವೆ. ಅವರು ಕುಂಭಕೋಣಂ ಕಾಲೇಜಿನಲ್ಲಿ ಗಣಿತ ಬಿಟ್ಟು ಬೇರೆ ವಿಷಯಗಳಲ್ಲಿ ಅನುತ್ತೀರ್ಣರಾಗಿ ವಿದ್ಯಾರ್ಥಿವೇತನ ಕಳೆದುಕೊಂಡರು, ಎಫ್‌.ಎ. ಎಂಬ ಅಂದಿನ ಕಾಲೇಜು ಪರೀಕ್ಷೆ ದಾಟಲಾಗಲಿಲ್ಲ ಎಂಬುದನ್ನು ಮಕ್ಕಳಿಗೆ ಹೇಳುವುದಿಲ್ಲ. ತನ್ನ ಕಾಲದ ಪರೀಕ್ಷಾ ಪದ್ಧತಿಗೆ ಸಿಕ್ಕದೆ ಹೋದ ಮನುಷ್ಯನ ಜನ್ಮದಿನವನ್ನು ಆಚರಿಸುವಾಗಲಾದರೂ ಪರೀಕ್ಷೆ ಯಾರನ್ನು ಬಿಟ್ಟುಬಿಡುತ್ತದೆ ಎಂಬ ಮಾತು ಬರಬೇಕಿತ್ತು. ಭಾಸ್ಕರಾಚಾರ್ಯರ ವಿಷಯವೂ ಹೀಗೆಯೇ. ಅವರು ಜನಿಸಿದ್ದು 1114ರಲ್ಲಿ. ಅವರ ಊರು ವಿಜ್ಜಡವಿಡ ನಮ್ಮ ವಿಜಯಪುರವೇ ಎನ್ನುವವರೂ ಇದ್ದಾರೆ, ಮಹಾರಾಷ್ಟ್ರದ ಖಾನದೇಶದ ಪಾಟಣ ಎನ್ನುವವರೂ ಇದ್ದಾರೆ. ಊರು ಯಾವುದು ಎಂಬ ವಾದಕ್ಕೆ ನಾವು ಕೊಡುವ ಉತ್ಸಾಹದ ಸ್ವಲ್ಪ ಭಾಗವನ್ನು ಅವರ ಒಂದೇ ಒಂದು ಲೆಕ್ಕವನ್ನು ಐದನೇ ತರಗತಿಯಲ್ಲಿ ಬಿಡಿಸಲು ಕೊಟ್ಟರೆ ಅದು ಅವರಿಗೆ ಸಲ್ಲಿಸುವ ಗೌರವ.

ಗೋಳಗುಮ್ಮಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗದ ಶಾಲೆ ಜಿಲ್ಲೆಯಲ್ಲಿ ಇರಲಾರದು. ಮೇಲೆ ಹತ್ತಿಸುತ್ತೇವೆ, ಕೂಗಿಸುತ್ತೇವೆ, ಪ್ರತಿಧ್ವನಿ ಎಣಿಸುತ್ತೇವೆ, ಇಳಿಸಿಕೊಂಡು ಬರುತ್ತೇವೆ. ಕೆಳಗೆ ನಿಂತು ತಲೆ ಎತ್ತಿ ನೋಡಿದರೆ ಕಾಣುವುದು ಒಂದು ಜ್ಯಾಮಿತಿಯ ಪಾಠ. ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟವನ್ನು ಕೂಡಿಸುವುದು ಹೇಗೆ? ಒಂದು ಚೌಕದ ಮೇಲೆ ಅದೇ ಅಳತೆಯ ಇನ್ನೊಂದು ಚೌಕವನ್ನು ತಿರುಗಿಸಿ ಇಟ್ಟರೆ ಎಂಟು ಮೂಲೆಯ ನಕ್ಷತ್ರವಾಗುತ್ತದೆ. ಆ ಗೆರೆಗಳ ಮೇಲೆ ಎದ್ದ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿ, ಒಳಗೆ ಸುಮಾರು 38 ಮೀಟರ್ ವ್ಯಾಸವಿರುವ ಗುಮ್ಮಟದ ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ. ನಡುವೆ ಒಂದೂ ಕಂಬವಿಲ್ಲ. ಒಂದು ಕಾಗದ, ಒಂದು ಅಳತೆಪಟ್ಟಿ, ಒಂದು ಕೋನಮಾಪಕ ಇದ್ದರೆ ಹತ್ತು ವರ್ಷದ ಮಗು ಆ ನಕ್ಷತ್ರವನ್ನು ಬರೆಯಬಲ್ಲದು, ಎರಡು ಚೌಕಗಳ ನಡುವಿನ ಕೋನ 45 ಡಿಗ್ರಿ ಎಂದು ತಾನೇ ಅಳೆಯಬಲ್ಲದು. ಬೇರೆ ದೇಶದವರು ಟಿಕೆಟ್ ತೆಗೆದುಕೊಂಡು ಬಂದು ನೋಡುವ ಗಣಿತವನ್ನು ಈ ಊರಿನ ಮಕ್ಕಳಿಗೆ ನಾವು ತೋರಿಸಿಲ್ಲ.

ವಿಜ್ಞಾನದ ಸ್ಥಿತಿ ಇದಕ್ಕಿಂತ ಭಿನ್ನವಾಗಿಲ್ಲ. ಪ್ರಯೋಗದ ಸಾಮಗ್ರಿ ಒಡೆದೀತು ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದ ಶಾಲೆಗಳನ್ನು ಕಂಡಿದ್ದೇನೆ. ಸಂವಿಧಾನದ 51ಎ ವಿಧಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ಪ್ರತಿ ನಾಗರಿಕನ ಕರ್ತವ್ಯವೆಂದು ಹೇಳುತ್ತದೆ. ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ನಾವು ಮಾಡುವ ವಿಂಗಡಣೆಯಲ್ಲಾದರೋ ವಿಜ್ಞಾನವು ಶಾಣ್ಯಾರಿಗೆ, ಕಲಾ ವಿಭಾಗವು ಉಳಿದವರಿಗೆ. ಶಾಣ್ಯಾರಿಗೂ ಸಿಗುವುದು ನೀಟ್ ಮತ್ತು ಸಿಇಟಿಯ ಪ್ರಶ್ನೆಬ್ಯಾಂಕು. ಹತ್ತನೆಯ ವಯಸ್ಸಿನಲ್ಲಿ ಶುರುವಾದ ಜರಡಿ ಹದಿನೆಂಟರತನಕ ಆಡುತ್ತಲೇ ಇರುತ್ತದೆ.

ಫಲಿತಾಂಶದ ವಾರದಲ್ಲಿ ಊರಿನ ವೃತ್ತಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಆಯ್ಕೆಯಾದ ಮಕ್ಕಳ ಭಾವಚಿತ್ರಗಳನ್ನು ಹಾಕುತ್ತಾರೆ, ಹಾಕಲಿ. ಆಗದ ಮಕ್ಕಳು ಅದೇ ದಾರಿಯಲ್ಲಿ ಶಾಲೆಗೆ ಹೋಗಬೇಕು. ವರ್ಷವಿಡೀ ಊರು ಬಿಟ್ಟು ಓದಿ, ಒಂದೆರಡು ಪ್ರಶ್ನೆಯಲ್ಲಿ ಸ್ಥಾನ ತಪ್ಪಿ, ಜೂನ್ ತಿಂಗಳಲ್ಲಿ ಮತ್ತೆ ಊರಿನ ಶಾಲೆಗೇ ಬಂದ ಮಕ್ಕಳು ಪ್ರೌಢಶಾಲೆಗೆ ಬರುವ ಹೊತ್ತಿಗೆ ಹೇಗೆ ಇರುತ್ತಾರೆ ಎಂಬುದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಮಗ್ಗಿ ಚೆನ್ನಾಗಿ ಬರುತ್ತದೆ, ಭಿನ್ನರಾಶಿಯೂ ಬರುತ್ತದೆ, ಆದರೆ ಹೊಸ ಲೆಕ್ಕ ಕೊಟ್ಟರೆ ಪೆನ್ನು ಎತ್ತುವುದಿಲ್ಲ. ತಪ್ಪಾದರೆ ಎಂಬ ಹೆದರಿಕೆ ಅಷ್ಟು ಆಳಕ್ಕೆ ಇಳಿದಿರುತ್ತದೆ. ಅಂಥ ಒಬ್ಬ ಹುಡುಗ ಎಂಟನೇ ತರಗತಿಯಲ್ಲಿ ನನ್ನ ಮುಂದೆ, ‘ನಾ ನವೋದಯ ಫೇಲ್ ಆದಾಂವ್ರೀ ಅಕ್ಕೋರ’ ಎಂದು ತನ್ನ ಪರಿಚಯ ಹೇಳಿಕೊಂಡ. ನವೋದಯದ್ದು ಆಯ್ಕೆ ಪರೀಕ್ಷೆ, ಅದರಲ್ಲಿ ಪಾಸು-ಫೇಲು ಎಂಬುದೇ ಇಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತವಾಗಿಡಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಸ್ಪಷ್ಟವಾಗಿ ಹೇಳಿದೆ.

ಇಂಗ್ಲೆಂಡಿನಲ್ಲಿ 1944ರ ಕಾಯ್ದೆಯ ನಂತರ ಹನ್ನೊಂದರ ವಯಸ್ಸಿನ ಮಕ್ಕಳಿಗೆಲ್ಲ ಪರೀಕ್ಷೆ ಮಾಡಿ ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುತ್ತಿದ್ದರು. 1965ರಲ್ಲಿ ಅಲ್ಲಿನ ಸರ್ಕಾರ ಎಲ್ಲರಿಗೂ ಒಂದೇ ಬಗೆಯ ಶಾಲೆಯತ್ತ ಸಾಗುವಂತೆ ಸ್ಥಳೀಯ ಆಡಳಿತಗಳನ್ನು ಕೇಳಿತು. ಬಹುಪಾಲು ಕಡೆಗಳಲ್ಲಿ ಆ ಪರೀಕ್ಷೆ ನಿಂತುಹೋಯಿತು, ಕೆಲವು ಪ್ರದೇಶಗಳಲ್ಲಿ ಇಂದಿಗೂ ಇದೆ. ಅಷ್ಟು ಎಳೆಯ ವಯಸ್ಸಿನಲ್ಲಿ ಮಕ್ಕಳನ್ನು ವಿಂಗಡಿಸುವುದು ಸರಿಯೇ ಎಂಬ ಪ್ರಶ್ನೆ ಕೇಳಿದವರಲ್ಲಿ ನಾವು ಮೊದಲಿಗರಲ್ಲ.

ಈಗ ತಮ್ಮಲ್ಲಿ ನನ್ನ ಬೇಡಿಕೆಗಳು. ಐದನೇ ತರಗತಿಯ ಹಾಜರಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮತ್ತು ಸಮೂಹ ಸಂಪನ್ಮೂಲ ವ್ಯಕ್ತಿಗಳ (ಸಿಆರ್‌ಪಿ) ಮೂಲಕ ಮುನ್ಸೂಚನೆ ಇಲ್ಲದೆ ಪರಿಶೀಲಿಸಬೇಕು. ಹಾಜರಿಯಲ್ಲಿ ಹೆಸರಿದ್ದು ತಿಂಗಳುಗಟ್ಟಲೆ ಶಾಲೆಗೆ ಬಾರದ ಮಗು ಎಲ್ಲಿದೆ ಎಂದು ಕೇಳಬೇಕು. ಪಾಲಕರನ್ನು ಶಿಕ್ಷಿಸಲೆಂದು ಕೇಳುವುದು ಬೇಡ, ಮಗುವನ್ನು ಶಾಲೆಗೆ ತರಲೆಂದು ಕೇಳಿದರೆ ಸಾಕು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ 16 ವರ್ಷದೊಳಗಿನವರನ್ನು ತರಬೇತಿ ಕೇಂದ್ರಗಳು ಸೇರಿಸಿಕೊಳ್ಳಬಾರದು ಎಂದು ಹೇಳುತ್ತದೆ. ಆ ಮಾತು ಹದಿನಾರರ ಕಾಲೇಜು ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದೇ ಇರಬಹುದು, ಆದರೆ ಹತ್ತು ವರ್ಷದ ಮಗುವಿಗೆ ಅದು ಇನ್ನೂ ಹೆಚ್ಚು ಅನ್ವಯಿಸಬೇಕು. ಎಲ್ಲವನ್ನೂ ಒಂದೇ ದಿನ ಮುಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ಮಕ್ಕಳನ್ನು ವಸತಿಯಲ್ಲಿಟ್ಟುಕೊಂಡ ಕಡೆಗಳಲ್ಲಿ ಮಲಗುವ ಜಾಗ, ಊಟ, ನಿದ್ದೆಯ ಹೊತ್ತು, ಹೆಣ್ಣುಮಕ್ಕಳ ಸುರಕ್ಷತೆ ಇವನ್ನಾದರೂ ಈ ವರ್ಷವೇ ತಪಾಸಣೆ ಮಾಡಿಸಿ.

ಮುಖ್ಯವಾದದ್ದು ಇದರ ನಂತರದ್ದು. ತರಬೇತಿಗೆ ದುಡ್ಡು ಕೊಡುವುದನ್ನು ಪಾಲಕರು ಬಿಡಬೇಕಾದರೆ ಊರಿನ ಶಾಲೆಯಲ್ಲಿ ಏನಾದರೂ ಸಿಗಬೇಕು. ಪ್ರತಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಯ ಎಲ್ಲ ಮಕ್ಕಳಿಗೂ, ಪರೀಕ್ಷೆ ಬರೆಯುವವರಿಗೆ ಮಾತ್ರವಲ್ಲದೆ ಎಲ್ಲರಿಗೂ, ವಾರದಲ್ಲಿ ಕೆಲವು ದಿನ ಶಾಲೆಯ ಅವಧಿಯಲ್ಲಿಯೇ ಒಂದು ಗಣಿತದ ಗಂಟೆ ಇಡಿ. ಅದರಲ್ಲಿ ವೇಗ ಬೇಡ. ಒಂದು ಗಂಟೆಯಲ್ಲಿ ಒಂದೇ ಲೆಕ್ಕ ಮಾಡಿದರೂ ಸಾಕು, ಮೂರು ದಾರಿಯಲ್ಲಿ ಮಾಡಲಿ. ಹಿಂದಿನ ವರ್ಷಗಳ ಪ್ರಶ್ನೆಗಳನ್ನು ಕನ್ನಡದಲ್ಲಿ ವಿವರಣೆ ಸಹಿತ ಒಂದು ಪುಸ್ತಿಕೆಯಾಗಿ ಮಾಡಿ ಪ್ರತಿ ಶಾಲೆಗೆ ಉಚಿತವಾಗಿ ಕೊಡಿ. ಉತ್ತರದ ಕೀಲಿಗಿಂತ ಆ ಉತ್ತರ ಯಾಕೆ ಬಂತು ಎಂಬ ಬರಹಕ್ಕೆ ಹೆಚ್ಚು ಪುಟ ಇರಲಿ. ಗಣಿತ-ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಗಳ ಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸಿ, ಅತಿಥಿ ಶಿಕ್ಷಕರನ್ನು ಕೊಡುವಾಗ ಆ ಪಟ್ಟಿಯನ್ನೇ ಮೊದಲು ನೋಡಿ.

ಆಯ್ಕೆಯ ನಿಯಮ ಬದಲಿಸುವುದು ತಮ್ಮ ಅಧಿಕಾರದಲ್ಲಿ ಇಲ್ಲವೆಂದು ಬಲ್ಲೆ. ಆದರೆ ಜಿಲ್ಲೆಯ ಅನುಭವವನ್ನು ಮೇಲಕ್ಕೆ ಬರೆಯುವುದು ತಮ್ಮ ಅಧಿಕಾರದಲ್ಲಿ ಇದೆ. ನಿಗದಿತ ಅಂಕ ಮೀರಿದ ಎಲ್ಲ ಮಕ್ಕಳನ್ನೂ ಅರ್ಹರೆಂದು ಸಾರಿ, ಅವರ ನಡುವೆ ಚೀಟಿ ಎತ್ತಿ ಸ್ಥಾನ ಕೊಡುವುದು ಒಂದು ದಾರಿ. ಕೇಂದ್ರೀಯ ವಿದ್ಯಾಲಯಗಳ ಒಂದನೇ ತರಗತಿಗೆ ಚೀಟಿ ಎತ್ತುವ ಪದ್ಧತಿ ಇದೆ, ಅದರಿಂದ ಆ ಶಾಲೆಗಳ ಮಟ್ಟ ಕುಸಿದಿಲ್ಲ. ಸ್ಥಾನ ಸಿಗದ ಮಗುವಿಗೆ ‘ನೀನು ಅರ್ಹ, ಸ್ಥಾನ ಕಡಿಮೆ ಇತ್ತು’ ಎಂದು ಬರೆದ ಒಂದು ಪತ್ರ ಸರ್ಕಾರದಿಂದ ಬಂದರೆ, ಆ ಎಂಟನೇ ತರಗತಿಯ ಹುಡುಗನಂಥವರು ತಮ್ಮ ಪರಿಚಯವನ್ನು ಬೇರೆ ರೀತಿ ಹೇಳಿಕೊಳ್ಳುತ್ತಿದ್ದರು.

ಪಾಲಕರಲ್ಲಿ ನನ್ನ ಕೇಳಿಕೆ ಕಡಿಮೆ, ಆದರೆ ಇಲಾಖೆಗೆ ಕೇಳಿದ್ದಕ್ಕಿಂತ ಕಷ್ಟದ್ದು. ಪರೀಕ್ಷೆ ಬರೆಸಬೇಕೆಂದರೆ ಬರೆಸಿ. ಮಗುವನ್ನು ಮನೆಯಲ್ಲಿಯೇ ಇಟ್ಟುಕೊಂಡು, ಊರಿನ ಶಾಲೆಗೆ ಕಳಿಸುತ್ತಲೇ ಬರೆಸಿ. ಲೆಕ್ಕ ಬರುವುದಿಲ್ಲ ಎಂಬ ಮಾತನ್ನು ಮಗುವಿನ ಎದುರು ಆಡಬೇಡಿ. ಸಂತೆಗೆ ಹೋಗುವಾಗ ಕರೆದುಕೊಂಡು ಹೋಗಿ, ಚಿಲ್ಲರೆಯ ಲೆಕ್ಕವನ್ನು ಅದರ ಕೈಗೆ ಕೊಡಿ, ತಪ್ಪಿದರೆ ಕಾಯಿರಿ. ಹೆಣ್ಣುಮಗಳು ಹತ್ತನೆಯ ತರಗತಿ ಮುಗಿಸಿ ವಿಜ್ಞಾನ ಓದುತ್ತೇನೆ ಎಂದರೆ, ದೂರದ ಕಾಲೇಜು, ಬಸ್ಸಿನ ಓಡಾಟ ಎಂಬ ಮಾತುಗಳನ್ನು ಗಂಡುಮಗನ ವಿಷಯದಲ್ಲಿ ಎಷ್ಟು ಆಡುತ್ತೀರೋ ಅಷ್ಟೇ ಆಡಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಕಟ್ಟಡ, ಕಂಪೌಂಡು, ಬಿಸಿಯೂಟದ ಜೊತೆಗೆ ಐದನೇ ತರಗತಿಯ ಗಣಿತ ಎಲ್ಲಿಗೆ ಬಂತು ಎಂದು ಕೇಳುವ ಹಕ್ಕು ನಿಮಗಿದೆ, ಅದನ್ನು ಕೇಳಿ.

ಮಾನ್ಯ ಉಪನಿರ್ದೇಶಕರೇ, ಮುಂದಿನ ನವೋದಯ ಪ್ರವೇಶದ ಅರ್ಜಿಗಳನ್ನು ಕರೆಯುವ ಮೊದಲು ಈ ಪತ್ರಕ್ಕೆ ಲಿಖಿತ ಉತ್ತರ ದಯಪಾಲಿಸಬೇಕೆಂದು ಕೋರುತ್ತೇನೆ. ಗಣಿತದ ಪುಸ್ತಿಕೆ ಸಿದ್ಧಪಡಿಸಲು ನಾನೂ, ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಲ್ಲಿರುವ ನನ್ನ ಪರಿಚಯದ ನಿವೃತ್ತ ಗಣಿತ ಶಿಕ್ಷಕರೂ ಸಂಭಾವನೆ ಇಲ್ಲದೆ ಕೆಲಸ ಮಾಡಲು ಒಪ್ಪಿದ್ದೇವೆ. ಕೂಡಿ ಕುಳಿತು ಕೆಲಸ ಮಾಡಲು ಒಂದು ಕೊಠಡಿ, ಹಳೆಯ ಪ್ರಶ್ನೆಪತ್ರಿಕೆಗಳು, ಮುದ್ರಣದ ವ್ಯವಸ್ಥೆ ಇಷ್ಟನ್ನು ಇಲಾಖೆ ಒದಗಿಸಿದರೆ ಕೆಲಸವನ್ನು ಬೇಸಿಗೆ ರಜೆಯಲ್ಲಿಯೇ ಆರಂಭಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ,
ವಿಜಯಪುರ ಜಿಲ್ಲೆ